ಬೀಗ ಬಿದ್ದ ಮನೆಯ ಬಾಡಿಗೆ

ಹೊಯ್ಸಳರ ಶಾಸನಗಳು ರಾಜ್ಯದ ಮೂಡಣ ಎಲ್ಲೆಯೆಂದು ಹೆಸರಿಸುವ ನಂಗಲಿಯಲ್ಲಿ, ಮುಳಬಾಗಿಲಿನಿಂದ ಪಲಮನೇರಿಗೆ ಹೋಗುವ ಹೆದ್ದಾರಿಯ ಮಗ್ಗುಲಿಗೆ, ನನ್ನ ತಂದೆಯವರು ಬಿಟ್ಟುಹೋದ ಎರಡಂಕಣದ ಮನೆಯೊಂದುಂಟು. 2019ರ ಮುಂಗಾರಿನಲ್ಲಿ, ತಿಂಗಳಿಗೆ 4,000 ರೂಪಾಯಿ ಬಾಡಿಗೆಗೆ ಅದರಲ್ಲಿ ವಾಸವಾಗಿದ್ದು ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು, ಆ ತಿಂಗಳ ಬಾಡಿಗೆಯನ್ನೂ ಸಲ್ಲಿಸದೆ, ನನಗೊಂದು ಮಾತನ್ನೂ ತಿಳಿಸದೆ, ಬೆಳಗಿನ ಜಾವದಲ್ಲಿ ಟೆಂಪೋ ಒಂದಕ್ಕೆ ಸಾಮಾನು ಹೇರಿಸಿಕೊಂಡು ಗಡಿಯಾಚೆಗೆ ಹೊರಟುಹೋದರು. ಬಾಗಿಲಿಗೆ ಅವರ ಬೀಗ. ಬೀಗದ ಕೈ ಅವರ ಜೇಬಿನಲ್ಲಿ.

ನನಗಾದ ಕೋಪದೊಳಗೆ ಗುಪ್ತವಾದ ಸಂತೋಷವೊಂದೂ ಸೇರಿತ್ತೆಂಬುದನ್ನು ಮರೆಮಾಚಲಾರೆ. ಅವರು ಕೊಟ್ಟ 20,000 ರೂಪಾಯಿ ಅಡ್ವಾನ್ಸು ನನ್ನಲ್ಲಿತ್ತು. ಅವರ ಬೀಗವಿರುವ ತನಕ ಬಾಡಿಗೆಯೂ ಅವರದೇ ಎಂದು ಭಾವಿಸಿ, ಐದು ತಿಂಗಳು ಸುಮ್ಮನಿದ್ದರೆ ಅಷ್ಟೂ ನನಗೇ ಸಲ್ಲುವುದೆಂದು ಲೆಕ್ಕ ಹಾಕುತ್ತ, ಮನೆ ಕೇಳಿಕೊಂಡು ಬಂದ ಎರಡು ಸಂಸಾರಗಳನ್ನು ಹಿಂದಕ್ಕೆ ಕಳುಹಿಸಿ, ಮೂರು ತಿಂಗಳು ಕಳೆದೆನು. ಎದುರು ಮನೆಯ ಹಿರಿಯರು ಮಾತ್ರ, “ಬೀಗ ಒಡಿಯಪ್ಪಾ, ಮನೆ ನಿಂದಲ್ವಾ?” ಎಂದು ದಿನವೂ ಹುರಿದುಂಬಿಸುತ್ತಿದ್ದರು.

ಕಡೆಗೆ ಮುಳಬಾಗಿಲಿನ ವಕೀಲರೊಬ್ಬರಲ್ಲಿಗೆ ಹೋದೆ. “ಮನೆ ನಿಮ್ಮದೇ ಸ್ವಾಮಿ, ಸ್ವಾಧೀನ ಇನ್ನೂ ಅವರದು. ನೀವಾಗಿ ಬೀಗ ಒಡೆದರೆ, ಒಳಗಿದ್ದ ಚಿನ್ನ ಹೋಯಿತೆಂದು ಅವರು ನಾಳೆ ದೂರು ಕೊಟ್ಟಾರು” ಎಂದರು. ಬಾಡಿಗೆ 2,000 ರೂಪಾಯಿಯನ್ನು ಮೀರಿದ್ದರಿಂದ ರಾಜ್ಯದ 1999ರ ಬಾಡಿಗೆ ಅಧಿನಿಯಮವು ನಮಗೆ ಅನ್ವಯಿಸದು. ಸಂಬಂಧಪಟ್ಟದ್ದು 1882ರ ಸ್ವತ್ತು ವರ್ಗಾವಣೆ ಅಧಿನಿಯಮ. ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ತಿಂಗಳ ಬಾಡಿಗೆಯ ಮನೆಯನ್ನು ಬಿಡುವವರಾಗಲಿ ಬಿಡಿಸುವವರಾಗಲಿ 15 ದಿನಗಳ ಲಿಖಿತ ನೋಟೀಸು ಕೊಡಬೇಕೆಂದು ಅದರ 106ನೆಯ ಕಲಮು ವಿಧಿಸುತ್ತದೆ. ಅಂಚೆಯಲ್ಲಿ ಕಳುಹಿಸಬಹುದು, ಕೈಗೆ ಕೊಡಬಹುದು. ಇವೆರಡೂ ಸಾಧ್ಯವಾಗದಲ್ಲಿ ಮನೆಯ ಎದ್ದುಕಾಣುವ ಜಾಗದಲ್ಲಿ ಅಂಟಿಸಿದರೂ ಸಾಕು. ಬಾಕಿ ಬಾಡಿಗೆಗೆ ದಾವೆ ಹೂಡುವುದಕ್ಕೆ ಮೂರು ವರ್ಷಗಳ ಕಾಲಾವಕಾಶವೂ ಉಂಟು.

ನನ್ನ ಮೂರು ತಿಂಗಳ ಲೆಕ್ಕವನ್ನು ಕೇಳಿ ಮಾತ್ರ ಅವರು ನಕ್ಕುಬಿಟ್ಟರು. 1872ರ ಕರಾರು ಅಧಿನಿಯಮದ 73ನೆಯ ಕಲಮಿನ ವಿವರಣೆಯು, ಒಪ್ಪಂದ ಮುರಿದುದರಿಂದಾದ ನಷ್ಟವನ್ನು ಅಳೆಯುವಾಗ, ಆ ನಷ್ಟವನ್ನು ತಪ್ಪಿಸುವುದಕ್ಕೆ ಯಾವ ಉಪಾಯವಿತ್ತೆಂಬುದನ್ನೂ ಪರಿಗಣಿಸಬೇಕೆನ್ನುತ್ತದೆ. “ಆ ಎರಡು ಸಂಸಾರಗಳನ್ನು ವಾಪಸು ಕಳಿಸಿದವರು ಯಾರು?” ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನೋಟೀಸನ್ನು ರಿಜಿಸ್ಟರ್ ಅಂಚೆಯಲ್ಲಿ ಮಂಡಿಯ ವಿಳಾಸಕ್ಕೂ ಬಾಡಿಗೆದಾರರ ಹುಟ್ಟೂರಿಗೂ ಕಳುಹಿಸಿದೆ. ಎಂಟೇ ದಿನದಲ್ಲಿ ಅವರ ಭಾವಮೈದುನ ಬೀಗದ ಕೈ ತಂದನು. ಇಬ್ಬರು ನೆರೆಯವರ ಎದುರಿಗೆ ಬಾಗಿಲು ತೆರೆಸಿ, ಒಳಗೆ ಉಳಿದಿದ್ದ ಮಂಚವನ್ನೂ ಕೊಡಗಳನ್ನೂ ಪಟ್ಟಿಮಾಡಿ ಒಪ್ಪಿಸಿ, ಸ್ವಾಧೀನವನ್ನು ಬಿಟ್ಟುಕೊಟ್ಟುದಾಗಿ ಬರೆಯಿಸಿಕೊಂಡೆ. ಅಡ್ವಾನ್ಸು ಭದ್ರತೆಗೆ ಇರಿಸಿಕೊಂಡ ಪರರ ಹಣವೇ ಹೊರತು ಯಜಮಾನನ ಆದಾಯವಲ್ಲವೆಂಬುದು ನನಗೆ ಅಂದೇ ಮನದಟ್ಟಾದುದು. ಬಾಕಿ ತಿಂಗಳಿಗೆ 4,000, ನೋಟೀಸಿನ ಹದಿನೈದು ದಿನಕ್ಕೆ 2,000, ಬೆಸ್ಕಾಂ ಬಿಲ್ಲಿಗೆ 640 ಹಿಡಿದು, ಮಿಕ್ಕ 13,360 ರೂಪಾಯಿಯನ್ನು ಹಿಂದಿರುಗಿಸಿ ರಸೀದಿ ಪಡೆದೆ. ಗೋಡೆ ಮಾಸಿದ್ದಕ್ಕೆ ಸುಣ್ಣದ ಖರ್ಚನ್ನೂ ಮುರಿದುಕೊಳ್ಳೆಂದು ಎದುರು ಮನೆಯ ಹಿರಿಯರು ಹೇಳಿದರು. ನಾಲ್ಕು ವರ್ಷ ಜನ ಬಾಳಿದ ಗೋಡೆ ಮಾಸದೆ ಇನ್ನೇನಾದೀತು?

ಈಗ ನನ್ನ ಕರಾರುಪತ್ರದಲ್ಲಿ ಒಂದು ತಿಂಗಳ ನೋಟೀಸಿನ ಷರತ್ತೂ ಬಾಡಿಗೆದಾರರ ಸ್ವಂತ ಊರಿನ ವಿಳಾಸವೂ ತಪ್ಪದೆ ಇರುತ್ತವೆ. ಬೀಗ ತೆಗೆದ ಹನ್ನೊಂದನೆಯ ದಿನ ಶಾಲೆಯ ಉಪಾಧ್ಯಾಯಿನಿಯೊಬ್ಬರು ಆ ಮನೆಗೆ ಬಂದರು, ಬಾಡಿಗೆ 4,500.