ಕ್ಯಾಲಿಫೋರ್ನಿಯಾ ಕಮ್ಯುನಿಟಿ ಕಾಲೇಜು: ನೀತಿ ಸಮಿತಿಗಳಲ್ಲಿ ಸಿಬ್ಬಂದಿ ಪ್ರಾತಿನಿಧ್ಯ

1. ಮೂಲ ಕಾಯ್ದೆ: ಎಬಿ 1725 (1988). ಸಹಿ ಹಾಕಿದವರು ಗವರ್ನರ್ ಜಾರ್ಜ್ ಡ್ಯುಕ್ಮೇಜಿಯನ್. ರೂಢಿಯ ಹೆಸರು 'ಹಂಚಿಕೆಯ ಆಡಳಿತ'. ಕಾಯ್ದೆ ಬಳಸುವ ಮಾತು 'ಪರಿಣಾಮಕಾರಿಯಾಗಿ ಭಾಗವಹಿಸುವ ಹಕ್ಕು'.

2. ಹಕ್ಕುದಾರರು: ಬೋಧಕರು, ಸಿಬ್ಬಂದಿ, ವಿದ್ಯಾರ್ಥಿಗಳು. ಅಂತಿಮ ತೀರ್ಮಾನ ಮಾತ್ರ ಜಿಲ್ಲಾ ಆಡಳಿತ ಮಂಡಳಿಯದು.

3. ನಿಯಮಗಳು (ಟೈಟಲ್ 5):
- 53200: ಅಕಾಡೆಮಿಕ್ ಸೆನೆಟ್ (ಬೋಧಕರ ಪ್ರತಿನಿಧಿ ಸಂಸ್ಥೆ). ಅದರ ವ್ಯಾಪ್ತಿಯ ಶೈಕ್ಷಣಿಕ, ವೃತ್ತಿಪರ ವಿಷಯಗಳ ಪಟ್ಟಿಗೆ '10+1' ಎಂದು ಹೆಸರು.
- 51023.5: ಸಿಬ್ಬಂದಿ
- 51023.7: ವಿದ್ಯಾರ್ಥಿಗಳು
(ಕೊನೆಯ ಎರಡು ಅದಲುಬದಲಾಗುವುದೇ ಹೆಚ್ಚು. 5 ಸಿಬ್ಬಂದಿ, 7 ವಿದ್ಯಾರ್ಥಿ; ಬಾಯಿಪಾಠವೇ ದಾರಿ.)

4. ಗೊಂದಲದ ಅಂಶ: ಮೂವರ ಹಕ್ಕಿನ ತೂಕ ಒಂದೇ ಅಲ್ಲ. ಸೆನೆಟ್ ವಿಷಯದಲ್ಲಿ ಮಂಡಳಿಗೆ ಎರಡು ಆಯ್ಕೆ: ಸೆನೆಟ್ ಸಲಹೆಯನ್ನೇ ಮುಖ್ಯವಾಗಿ ಅವಲಂಬಿಸುವುದು, ಇಲ್ಲವೇ ಪರಸ್ಪರ ಒಪ್ಪಂದಕ್ಕೆ ಬರುವುದು. ಸಿಬ್ಬಂದಿಯ ಅಭಿಪ್ರಾಯಕ್ಕೆ ಸಿಗುವುದು 'ಎಲ್ಲ ಸಮಂಜಸ ಪರಿಗಣನೆ'. ಅಂದರೆ ಕೇಳಲೇಬೇಕು, ಒಪ್ಪಲೇಬೇಕೆಂದಿಲ್ಲ. ಕಾಗದದ ಮೇಲಿನ ಸಮಾನತೆ ಇಲ್ಲೇ ಸಡಿಲವಾಗುತ್ತದೆ.

5. ಪ್ರತಿನಿಧಿಯನ್ನು ಆರಿಸುವವರು ಯಾರು? ಎಸ್‌ಬಿ 235 (2001), ಶಿಕ್ಷಣ ಸಂಹಿತೆ 70901.2: ಬೋಧಕೇತರ ಸಿಬ್ಬಂದಿಯ ಪ್ರತಿನಿಧಿಯನ್ನು ನೇಮಿಸುವುದು ಅವರ ಮಾನ್ಯ ಕಾರ್ಮಿಕ ಸಂಘ. ಪರೀಕ್ಷೆಯಲ್ಲಿ 'ಪ್ರಾಂಶುಪಾಲರು' ಎಂಬ ಆಯ್ಕೆ ಕಂಡರೆ ಅದು ತಪ್ಪು.

6. ಸೆನೆಟ್ ≠ ಸಂಘ. ವೇತನ, ಕೆಲಸದ ಅವಧಿ ಸಾಮೂಹಿಕ ಚೌಕಾಸಿಗೆ ಸೇರಿದವು. ಆಧಾರ 1975ರ ರೊಡ್ಡಾ ಕಾಯ್ದೆ. ಪಠ್ಯಕ್ರಮ ಸೆನೆಟ್‌ಗೆ.

7. ರಾಜ್ಯ ಮಟ್ಟದಲ್ಲಿ: ಆಡಳಿತ ಬೋರ್ಡ್ ಆಫ್ ಗವರ್ನರ್ಸ್ (ಸ್ಥಾಪನೆ 1967) ಕೈಯಲ್ಲಿ; ಚಾನ್ಸೆಲರ್‌ಗೆ ಸಲಹೆ ಕೊಡುವುದು ಕನ್ಸಲ್ಟೇಶನ್ ಕೌನ್ಸಿಲ್.