ಅಗ್ಗದ ಕರೆ ಯಾರ ದಾನವೂ ಅಲ್ಲ

ಇನ್ನು ಮೇಲೆ ಊರಲ್ಲಿರುವ ಅಪ್ಪ ಅಮ್ಮನ ಫೋನಿಗೆ ರೀಚಾರ್ಜ್ ಮಾಡಿಸುವುದು ನನ್ನ ಜವಾಬ್ದಾರಿ ಅಂದೆಯಂತೆ. ಕೇಳಿ ಸಂತೋಷವಾಯಿತು ಮಗೂ. ಮೊದಲ ಸಂಬಳದಲ್ಲಿ ಮಾಡಬೇಕಾದ ಕೆಲಸವೇ ಅದು. ಆದರೆ ಒಂದು ಮಾತು ಕಿವಿಗೆ ಹಾಕಿಕೊ: ಯಾವ ಮೊಬೈಲ್ ಕಂಪನಿಯ ಋಣವೂ ನಿನ್ನ ಮೇಲಿಲ್ಲ. ಒಂದನ್ನೇ ನಂಬಿ ಕೂರಬೇಡ.

ಹೀಗೇಕೆ ಹೇಳುತ್ತೇನೆಂದರೆ, ನೀನು ಹುಟ್ಟುವ ಮುಂಚಿನ ದಿನಗಳನ್ನು ನಾವು ನೋಡಿದ್ದೇವೆ. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಸಚಿವ ಸುಖರಾಮ್ ಅವರಿಗೆ ದೇಶದ ಮೊದಲ ಮೊಬೈಲ್ ಕರೆ ಮಾಡಿದರು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ದರವಿತ್ತು, ಬಂದ ಕರೆಗೂ ದುಡ್ಡು ತೆರಬೇಕಿತ್ತು. ಫೋನ್ ಇಟ್ಟುಕೊಂಡವರೂ ನಂಬರ್ ನೋಡಿ ಕರೆ ಕತ್ತರಿಸಿ ಎಸ್‌ಟಿಡಿ ಬೂತಿಗೆ ನಡೆಯುತ್ತಿದ್ದ ಕಾಲ ಅದು. ಒಂದೊಂದು ವಲಯಕ್ಕೆ ಇಬ್ಬಿಬ್ಬರಿಗೆ ಪರವಾನಗಿ ಸಿಕ್ಕಿತ್ತು. ಕರ್ನಾಟಕದಲ್ಲಿ ಸ್ಪೈಸ್ ಮತ್ತು ಜೆಟಿ ಮೊಬೈಲ್. ಇಬ್ಬರೇ ಇರುವಾಗ ದರ ಇಳಿಸುವ ಅವಸರ ಯಾರಿಗಿರುತ್ತದೆ?

ದರ ಇಳಿದದ್ದು ಹೊಸಬರು ಒಳಗೆ ಬಂದಾಗಲೇ. 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಶುರುಮಾಡಿತು. ಮರುವರ್ಷ ರಿಲಯನ್ಸ್ 501 ರೂಪಾಯಿ ಕಟ್ಟಿದವರ ಕೈಗೆ ಹ್ಯಾಂಡ್‌ಸೆಟ್ ಇಟ್ಟಿತು. ಒಳಬರುವ ಕರೆ ಉಚಿತವಾದದ್ದೂ ಅದೇ ವರ್ಷ. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ ಒಂದು ಪೈಸೆ ಎಂದಿತು. ಹತ್ತು ಸೆಕೆಂಡ್ ಮಾತಾಡಿದರೂ ಪೂರ್ತಿ ನಿಮಿಷದ ಹಣ ಹಿಡಿಯುತ್ತಿದ್ದ ಉಳಿದವರು ವಿಧಿಯಿಲ್ಲದೆ ಅದೇ ದಾರಿಗೆ ಬಂದರು.

2016ರ ಸೆಪ್ಟೆಂಬರ್ 5ರಂದು ಜಿಯೊ ಬಂದದ್ದು ಮಾತ್ರ ಬೇರೆಯದೇ ಲೆಕ್ಕ. ಕರೆ ಉಚಿತ, ಮುಂದಿನ ಮಾರ್ಚ್‌ವರೆಗೆ ಡೇಟಾವೂ ಉಚಿತ. ಅದರ ಹಿಂದೆ ದುಡ್ಡಿನ ಬಲ ಇತ್ತು ನಿಜ, ತಂತ್ರಜ್ಞಾನದ ಅನುಕೂಲವೂ ಇತ್ತು. ಹಳೆಯ ಕಂಪನಿಗಳು 2ಜಿ, 3ಜಿ, 4ಜಿ ಎಂದು ಮೂರು ಜಾಲಗಳನ್ನು ಸಾಕಬೇಕಿತ್ತು. ಜಿಯೊ ಬರೀ 4ಜಿ ಹಾಕಿತು, ಮಾತನ್ನೂ ಡೇಟಾ ಮಾಡಿಯೇ ಕಳಿಸಿತು. ಹಾಗಾದಾಗ ಕರೆಗೆಂದು ಬೇರೆ ಖರ್ಚೇ ಹೆಚ್ಚು ಉಳಿಯುವುದಿಲ್ಲ. ಕರೆಯ ಹಣದಿಂದಲೇ ಬದುಕುತ್ತಿದ್ದವರ ಬುಡ ಅಲುಗಿತು. ರಿಲಯನ್ಸ್ ಕಮ್ಯುನಿಕೇಷನ್ಸ್, ಏರ್‌ಸೆಲ್, ಟೆಲಿನಾರ್, ಡೊಕೊಮೊ ಒಂದೊಂದಾಗಿ ಕಣ್ಮರೆಯಾದವು. 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. ನಮ್ಮ ಸ್ಪೈಸ್ ಅದಕ್ಕೂ ಹತ್ತು ವರ್ಷ ಮೊದಲೇ ಐಡಿಯಾದೊಳಗೆ ಸೇರಿಹೋಗಿತ್ತು.

ಈಗ ಉಳಿದಿರುವುದು ಮೂರು ಖಾಸಗಿ ಕಂಪನಿ ಮತ್ತು ಬಿಎಸ್‌ಎನ್‌ಎಲ್. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ, ಮೂರು ಸಲವೂ ಮೂವರೂ ಕೆಲವೇ ದಿನಗಳ ಅಂತರದಲ್ಲಿ ದರ ಏರಿಸಿದರು. ಇದನ್ನು ನೋಡಿದಾಗ ನನಗೆ ನಿಜಕ್ಕೂ ಆತಂಕವಾಗುತ್ತದೆ. ಕಳೆದ ಸಲ ಏರಿಸಿದಾಗ ಲಕ್ಷಾಂತರ ಜನ ನಂಬರ್ ಸಮೇತ ಬಿಎಸ್‌ಎನ್‌ಎಲ್ ಕಡೆ ಹೊರಟರು. ಅದರ 4ಜಿ ಬಹಳ ತಡವಾಯಿತು, ಆ ನೋವು ನನಗೂ ಇದೆ. ಆದರೂ ಆ ಜಾಲ ನಮ್ಮ ದೇಶದಲ್ಲೇ ತಯಾರಾದದ್ದು, ಅದರ ರೇಡಿಯೊ ಉಪಕರಣ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನದು. ಅದೊಂದು ಬಾಗಿಲು ತೆರೆದಿರಲಿ ಎಂಬುದು ನನ್ನ ಆಸೆ.

5ಜಿ ಅಂದಕೂಡಲೇ ಮರುಳಾಗಬೇಡ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಅದರ ವೇಗ ಬಹುಪಾಲು 3300 ಮೆಗಾಹರ್ಟ್ಸ್ ತರಂಗಗಳಿಂದ ಬರುತ್ತದೆ. ಅವು ದೂರ ಹೋಗುವುದಿಲ್ಲ, ದಪ್ಪ ಗೋಡೆ ಕಂಡರೆ ಸೊರಗುತ್ತವೆ. 700, 900ರ ಆಸುಪಾಸಿನವು ವೇಗದಲ್ಲಿ ಹಿಂದೆ, ದೂರದಲ್ಲಿ ಮುಂದೆ. ಗುಡ್ಡದ ಮಗ್ಗುಲಿನ ನಿಮ್ಮ ಮನೆಗೆ ಇವೇ ಬೇಕು. ಜಾಹೀರಾತು ಬಿಟ್ಟು, ಕಂಪನಿಗಳ ಜಾಲತಾಣದಲ್ಲಿರುವ ಸಿಗ್ನಲ್ ನಕ್ಷೆ ನೋಡು. ಆಮೇಲೆ ಪಕ್ಕದ ಮನೆಯವರನ್ನು ಕೇಳು, ನಕ್ಷೆಗಿಂತ ಅವರ ಮಾತು ಗಟ್ಟಿ. ಅಪ್ಪನದು ಒಂದು ಕಂಪನಿ, ಅಮ್ಮನದು ಇನ್ನೊಂದು ಆಗಿರಲಿ. ಮಳೆಗಾಲದಲ್ಲಿ ಒಂದು ಟವರ್ ಮಲಗಿದರೂ ಇನ್ನೊಂದರಲ್ಲಿ ನಿನಗೆ ಸಿಗುತ್ತಾರೆ.

28 ದಿನದ ಪ್ಲಾನ್ ತಿಂಗಳಿನದಲ್ಲ, ವರ್ಷಕ್ಕೆ ಹದಿಮೂರು ಸಲ ಕಟ್ಟಿಸುತ್ತದೆ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ಹೇಳಿದ ಮೇಲೆ 30 ದಿನದವೂ ಬಂದಿವೆ, ಕೇಳು. ಅಪ್ಪ ಬರೀ ಮಾತಾಡುವವರು, ಡೇಟಾ ಅವರಿಗೆ ದಂಡ. 2024ರ ಡಿಸೆಂಬರ್‌ನ ನಿಯಮದಿಂದಾಗಿ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್‌ಗಳಿವೆ. ಆ್ಯಪಿನ ಮೊದಲ ಪುಟದಲ್ಲಿ ಕಾಣದಿದ್ದರೆ ಕೆಳಗೆ ಹೋಗಿ ಹುಡುಕು.

ಸೇವೆ ಸರಿಯಿಲ್ಲ ಅನಿಸಿದರೆ ಕಸ್ಟಮರ್ ಕೇರ್ ಜೊತೆ ಜಗಳವಾಡುತ್ತ ಕೂರುವುದೇಕೆ? 2011ರಿಂದ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು ದೇಶಕ್ಕೆಲ್ಲ ಇದೆ. ಅದೇ ಕಂಪನಿಯಲ್ಲಿ 90 ದಿನ ಆಗಿರಬೇಕು, ಹಳೆಯ ಬಿಲ್ ಬಾಕಿ ಇರಬಾರದು. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಕಳಿಸಿದರೆ ಒಂದು ಕೋಡ್ ಬರುತ್ತದೆ. ಅದರ ಆಯುಸ್ಸು ನಾಲ್ಕು ದಿನ. ಬದಲಾಗುವ ಹೊತ್ತಿನಲ್ಲಿ ಸ್ವಲ್ಪ ಕಾಲ ಸಿಮ್ ಸತ್ತಂತಿರುತ್ತದೆ, ಬ್ಯಾಂಕಿನ ಒಟಿಪಿ ಬಾರದು. ಅಂದು ಹಣದ ವ್ಯವಹಾರ ಇಟ್ಟುಕೊಳ್ಳಬೇಡಿ. ಆ ಕೋಡನ್ನು ಹೊಸ ಸಿಮ್ ಕೊಡುವ ಅಂಗಡಿಯಲ್ಲಿ ಮಾತ್ರ ಹೇಳಬೇಕು, ಫೋನ್ ಮಾಡಿ ಕೇಳಿದ ಯಾರಿಗೂ ಅಲ್ಲ. ಇದನ್ನು ಅಪ್ಪನಿಗೆ ಎರಡು ಸಲ ಹೇಳು.