ಮುಂಬೈಯ ಜಿಲ್ಲಾಸ್ಪತ್ರೆ ಎಲ್ಲಿದೆ?

ಪ್ರಶ್ನೆ: ನಮ್ಮಲ್ಲಿ ಹಳ್ಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರ, ಇಂಡಿಯಲ್ಲಿ ತಾಲ್ಲೂಕು ಆಸ್ಪತ್ರೆ, ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ. ಮಗ, ಸೊಸೆ ದುಡಿಯಲು ಹೋಗಿ ಮುಂಬೈಯ ಮಾನಖುರ್ದದಲ್ಲಿದ್ದಾರೆ. ಮುಂಬೈ ಅಂದರೆ ಎರಡು ಜಿಲ್ಲೆ ಅಂತಾರೆ. ಹಾಗಾದರೆ ಅಲ್ಲಿನ ಜಿಲ್ಲಾಸ್ಪತ್ರೆ ಯಾವುದು? ಕಾಯಿಲೆ ಬಿದ್ದರೆ ಅವರು ಎಲ್ಲಿಗೆ ಹೋಗಬೇಕು?
– ಓದುಗರೊಬ್ಬರು, ಇಂಡಿ ತಾಲ್ಲೂಕು

ಎರಡು ಜಿಲ್ಲೆ ಎಂಬುದು ನಿಜ. 1990ರ ಅಕ್ಟೋಬರಿನಲ್ಲಿ ಮುಂಬೈ ಉಪನಗರವನ್ನು ಬೇರೆ ಜಿಲ್ಲೆ ಮಾಡಿದರು. ಜಿಲ್ಲಾಧಿಕಾರಿಗಳು ಇಬ್ಬರಿದ್ದಾರೆ, ಆದರೆ ಜಿಲ್ಲಾ ಪರಿಷತ್ತು ಒಂದೂ ಇಲ್ಲ. ಹಾಗಾಗಿ ನೀವು ಬರೆದಿರುವ ಹಳ್ಳಿ, ತಾಲ್ಲೂಕು, ಜಿಲ್ಲೆಯ ಮೆಟ್ಟಿಲುಗಳೂ ಅಲ್ಲಿಲ್ಲ. ಮುಂಬೈಯಲ್ಲಿ ಬಡ ರೋಗಿಯ ಭಾರ ಹೊತ್ತಿರುವುದು ಮುಖ್ಯವಾಗಿ ಮಹಾನಗರಪಾಲಿಕೆ. ಆಸ್ಪತ್ರೆ, ದವಾಖಾನೆ ನಡೆಸುವುದು ಅದರ ಕಡ್ಡಾಯ ಕೆಲಸಗಳಲ್ಲಿ ಒಂದು ಎಂದು ಅದರ ಕಾಯ್ದೆಯೇ ಹೇಳುತ್ತದೆ. ಬೈಕುಲಾದ ಜೆ.ಜೆ. ಆಸ್ಪತ್ರೆ ರಾಜ್ಯ ಸರ್ಕಾರದ್ದು. ಹೆಸರಾದ ಉಳಿದ ನಾಲ್ಕು, ಅಂದರೆ ಕೆಇಎಂ, ನಾಯರ್, ಸಯನ್, ಕೂಪರ್, ಪಾಲಿಕೆಯವು; ನಾಲ್ಕಕ್ಕೂ ಒಂದೊಂದು ಮೆಡಿಕಲ್ ಕಾಲೇಜು ಇದೆ. ನಮ್ಮ ಕಡೆಯ ಪಾಲಿಕೆಗಳು ಚರಂಡಿ ನೋಡಿಕೊಂಡರೆ ಸಾಕು ಎಂದು ನಾವು ಸುಮ್ಮನಾಗುತ್ತೇವೆ.

ಕೆಇಎಂ ಶುರುವಾದದ್ದು 1926ರಲ್ಲಿ, ಪರೇಲಿನಲ್ಲಿ. ಅದರ ಜೊತೆಗಿರುವ ಜಿ.ಎಸ್. ಮೆಡಿಕಲ್ ಕಾಲೇಜಿಗೆ ಹಣ ಕೊಟ್ಟ ಸೇಠ್ ಗೋರ್ಧನದಾಸ್ ಸುಂದರದಾಸರ ಟ್ರಸ್ಟಿನವರು ಒಂದು ಷರತ್ತು ಹಾಕಿದ್ದರು: ಪಾಠ ಹೇಳುವವರೆಲ್ಲ ಭಾರತೀಯರೇ ಆಗಿರಬೇಕು. ಬ್ರಿಟಿಷ್ ಅರಸನ ಹೆಸರು ಹೊತ್ತ ಆಸ್ಪತ್ರೆಯ ಕಾಲೇಜಿಗೆ ಇಂಥ ಷರತ್ತು! ಕನ್ನಡಿಗರು ಈ ಆಸ್ಪತ್ರೆಯ ಹೆಸರು ಕೇಳಿರುವುದು ಹೆಚ್ಚಾಗಿ ಅರುಣಾ ಶಾನಭಾಗ ಅವರಿಂದ. ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಅಲ್ಲಿ ನರ್ಸ್ ಆಗಿದ್ದ ಅವರು 1973ರಲ್ಲಿ ಆಸ್ಪತ್ರೆಯೊಳಗೇ ಹಲ್ಲೆಗೆ ಸಿಕ್ಕಿ, 2015ರಲ್ಲಿ ತೀರಿಕೊಳ್ಳುವ ತನಕ ಹಾಸಿಗೆ ಹಿಡಿದಿದ್ದರು. ನಲವತ್ತು ವರ್ಷಕ್ಕೂ ಮೇಲೆ ಅವರನ್ನು ಸಾಕಿದವರು ಪಾಲಿಕೆಯ ಸಂಬಳದ ನರ್ಸ್‌ಗಳು, ಒಂದು ತಲೆಮಾರಿನವರಾದ ಮೇಲೆ ಇನ್ನೊಂದು ತಲೆಮಾರಿನವರು.

ಪರೇಲ್ ಎಂದೆನಲ್ಲ, ಮುಂಬೈಯ ಕಷ್ಟ ಇರುವುದು ಅಲ್ಲೇ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಮೂರು ವರ್ಷದ ಮೇಲೆ, ಹಿಂದೆ ಗವರ್ನರ್ ವಾಸವಿದ್ದ ಪರೇಲಿನ ಬಂಗಲೆಯನ್ನು ಲಸಿಕೆ ವಿಜ್ಞಾನಿ ಹಾಫ್ಕಿನ್ ಅವರ ಪ್ಲೇಗ್ ಪ್ರಯೋಗಾಲಯಕ್ಕೆ ಕೊಟ್ಟರು. ಆಮೇಲೆ ಕೆಇಎಂ, ವಾಡಿಯಾದವರ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗಳು, 1941ರಲ್ಲಿ ಟಾಟಾ ಕ್ಯಾನ್ಸರ್ ಆಸ್ಪತ್ರೆ, ಎಲ್ಲವೂ ಅಲ್ಲೇ ಬಂದವು. ಸುತ್ತ ಬಟ್ಟೆ ಗಿರಣಿಗಳು, ಗಿರಣಿಯವರ ಚಾಳುಗಳು. ಆಸ್ಪತ್ರೆ ದುಡಿಯುವ ಜನರ ಮಗ್ಗುಲಲ್ಲೇ ಇತ್ತು. 1982ರ ಗಿರಣಿ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಆ ಜಾಗದಲ್ಲಿ ಮಾಲುಗಳು, ಗೋಪುರದಂಥ ಮನೆಗಳು ಎದ್ದವು. ಬಡವರು ಮಾನಖುರ್ದ, ಗೋವಂಡಿ, ಮಾಲವಣಿ ಕಡೆಗೆ ಸರಿದರು, ಆಸ್ಪತ್ರೆಗಳು ಸರಿಯಲಿಲ್ಲ. 2011ರ ಜನಗಣತಿಯಲ್ಲಿ ಮುಂಬೈ ನಗರ ಜಿಲ್ಲೆಯಲ್ಲಿದ್ದವರು ಸುಮಾರು 31 ಲಕ್ಷ, ಉಪನಗರ ಜಿಲ್ಲೆಯಲ್ಲಿ 93 ಲಕ್ಷಕ್ಕೂ ಹೆಚ್ಚು. ಮೇಲೆ ಹೇಳಿದ ಐದು ದೊಡ್ಡ ಆಸ್ಪತ್ರೆಗಳಲ್ಲಿ ಉಪನಗರದ ಪಾಲಿಗೆ ಬಂದದ್ದು ಕೂಪರ್ ಒಂದೇ.

ಅಲ್ಲಿ ವೈದ್ಯರಿಗೆ ಕೊರತೆಯೇ ಇಲ್ಲದಂತೆ ಕಾಣುತ್ತದೆ, ಆದರೆ ರೋಗಿಗೆ ದಾರಿ ದೂರ. ಬೆಳಗಿನ ಲೋಕಲ್ ಹತ್ತಿ, ಓಪಿಡಿಯ ಸಾಲಿನಲ್ಲಿ ನಿಂತು ಹೊರಬರುವ ಹೊತ್ತಿಗೆ ಅಂದಿನ ಕೂಲಿ ಹೋಗಿರುತ್ತದೆ. ಚೀಟಿಯ ಹಣ ಯಾರಿಗೂ ಭಾರವಲ್ಲ, ನಾಕಾದಲ್ಲಿ ನಿಂತು ಕೆಲಸ ಹಿಡಿಯುವವನಿಗೆ ಆ ಒಂದು ದಿನ ಭಾರ. ಅದಕ್ಕೇ ಜನ ಗಲ್ಲಿಯ ಖಾಸಗಿ ಡಾಕ್ಟರ ಹತ್ತಿರ ಸೂಜಿ ಹಾಕಿಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. 2022ರಲ್ಲಿ ಪಾಲಿಕೆ ‘ಆಪಲಾ ದವಾಖಾನಾ’ಗಳನ್ನು ಶುರುಮಾಡಿ ರಾತ್ರಿಯ ತನಕ ತೆರೆದಿಟ್ಟದ್ದು ನನ್ನ ಮಟ್ಟಿಗೆ ಹೊಸ ಕಟ್ಟಡಗಳಿಗಿಂತ ದೊಡ್ಡ ಕೆಲಸ. ಕೆಲವು ಬರೀ ತಗಡಿನ ಕ್ಯಾಬಿನ್ನುಗಳಲ್ಲಿವೆ, ಇರಲಿ.

ಇನ್ನು ನಿಮ್ಮ ಮಗನ ಮಾತು. ಮಾನಖುರ್ದ ಪಾಲಿಕೆಯ ಎಂ-ಪೂರ್ವ ವಾರ್ಡಿಗೆ ಸೇರುತ್ತದೆ. ದೇವನಾರದ ಕಸದ ಗುಡ್ಡವಿರುವುದು ಈ ವಾರ್ಡಿನಲ್ಲೇ, 2022ರಲ್ಲಿ ದಡಾರ ಜೋರಾಗಿ ಹಬ್ಬಿದ್ದೂ ಮೊದಲು ಇದೇ ಭಾಗದ ಗೋವಂಡಿಯಲ್ಲಿ. ಇಲ್ಲಿನ ಪುನರ್ವಸತಿ ಕಟ್ಟಡಗಳು ಒಂದಕ್ಕೊಂದು ಅಂಟಿಕೊಂಡಿವೆ. ‘ಡಾಕ್ಟರ್ಸ್ ಫಾರ್ ಯು’ ಸಂಸ್ಥೆಯವರು ಅಧ್ಯಯನ ಮಾಡಿ, ಬಿಸಿಲು ಗಾಳಿ ಬಾರದ ಕೆಳ ಅಂತಸ್ತುಗಳಲ್ಲಿ ಕ್ಷಯ ಹೆಚ್ಚೆಂದು ಕಂಡುಕೊಂಡರು. ಆದ್ದರಿಂದ ಎರಡು ವಾರ ಕೆಮ್ಮು ನಿಲ್ಲದಿದ್ದರೆ ಕಫ ಪರೀಕ್ಷೆ ಮಾಡಿಸಲು ಹೇಳಿ. ಪರೀಕ್ಷೆ, ಮಾತ್ರೆ ಎರಡೂ ಪುಕ್ಕಟೆ. 2024ರ ನವೆಂಬರಿನಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿಯನ್ನು ರೋಗಿಯ ಖಾತೆಗೆ ಹಾಕುವ ವ್ಯವಸ್ಥೆಯೂ ಇದೆ.

ಮೊದಲು ಮನೆ ಹತ್ತಿರದ ಹೆಲ್ತ್ ಪೋಸ್ಟ್, ಅಂದರೆ ಪಾಲಿಕೆಯ ಚಿಕ್ಕ ಆರೋಗ್ಯ ಕೇಂದ್ರ, ಎಲ್ಲಿದೆ ಎಂದು ಕೇಳಿಕೊಳ್ಳಲಿ. ಅಲ್ಲಿಂದ ಮನೆಮನೆಗೆ ಬರುವ ಹೆಂಗಸರಿಗೆ ‘ಆರೋಗ್ಯ ಸೇವಿಕಾ’ ಎನ್ನುತ್ತಾರೆ, ನಮ್ಮ ಆಶಾ ಇದ್ದಂತೆ. ಸೊಸೆ ಬಸುರಿಯಾದರೆ ಹೆಸರು ಬರೆಸುವುದು, ಮಗುವಿಗೆ ಲಸಿಕೆ ಹಾಕಿಸುವುದು ಇವರ ಮೂಲಕವೇ. ಅದಕ್ಕೂ ಮೇಲಿನ ಕಾಯಿಲೆಗೆ ಗೋವಂಡಿಯ ಶತಾಬ್ದಿ ಆಸ್ಪತ್ರೆ. ನಿಮ್ಮ ಇಂಡಿಯ ತಾಲ್ಲೂಕು ಆಸ್ಪತ್ರೆ ಇದ್ದಂತೆ ಅದು ಎಂದುಕೊಳ್ಳಿ. ಅಲ್ಲಿ ಆಗದ್ದಕ್ಕೆ ಸಯನ್: ಹಾರ್ಬರ್ ಲೈನಿನಲ್ಲಿ ಕುರ್ಲಾಕ್ಕೆ ಬಂದು ಗಾಡಿ ಬದಲಿಸಿದರೆ ಮುಂದಿನ ಸ್ಟೇಷನ್ನು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಅದು ಒಳ್ಳೆಯ ಜಾಗ. ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದದ್ದು ಅಲ್ಲೇ.

ಮೊದಲ ದಿನ ಕೊಡುವ ಕೇಸ್ ಪೇಪರನ್ನು ಕಳೆಯದೆ ಇಟ್ಟುಕೊಳ್ಳಲಿ, ಪ್ರತಿ ಸಲವೂ ಕೇಳುತ್ತಾರೆ. ಮಹಾರಾಷ್ಟ್ರದ ಮಹಾತ್ಮಾ ಫುಲೆ ಆರೋಗ್ಯ ಯೋಜನೆಗೆ ಅಲ್ಲಿನ ರೇಷನ್ ಕಾರ್ಡು ಅಥವಾ ಡೊಮಿಸೈಲ್ ಪ್ರಮಾಣಪತ್ರ ಬೇಕಾಗುತ್ತದೆ. ಆದರೆ ಕೇಂದ್ರದ ಆಯುಷ್ಮಾನ್ ಪಟ್ಟಿಯಲ್ಲಿ ನಿಮ್ಮ ಕುಟುಂಬದ ಹೆಸರಿದ್ದರೆ, ಯೋಜನೆಗೆ ಸೇರಿದ ಆಸ್ಪತ್ರೆ ಯಾವ ರಾಜ್ಯದಲ್ಲಿದ್ದರೂ ಆಯುಷ್ಮಾನ್ ಕಾರ್ಡು ನಡೆಯುತ್ತದೆ. ಆ ಕಾರ್ಡು ಇಂಡಿಯ ಮನೆಯಲ್ಲೇ ಉಳಿದಿದ್ದರೆ, ಮುಂಬೈ ಬಸ್ಸು ಹತ್ತುವ ಯಾರ ಕೈಲಾದರೂ ಈ ವಾರವೇ ಕಳಿಸಿಕೊಡಿ.